ಚಿಕ್ಕರಾಜು ಕಾದ ರಸ್ತೆ

ಹೊಂಗನೂರಿನ ನಲ್ಲಿಗಳಿಗೆ ನೀರು ಬಿಡುವ ನೀರಗಂಟಿ ಚಿಕ್ಕರಾಜುವಿನ ಕಷ್ಟಕ್ಕೆಲ್ಲ ಅವನ ಬಾಯೇ ಮೂಲ. ಮನೆಮನೆಯಿಂದ ಹಾಲಿನ ಕವರು, ಚಿಪ್ಸಿನ ಕವರು ಬಾಚಿ ರಸ್ತೆ ಕೆಲಸಕ್ಕೆ ಕೊಟ್ಟವನು ಅವನೇ. ಬೆಳ್ಳಂಬೆಳಗ್ಗೆ ಆ ಪ್ಲಾಸ್ಟಿಕ್ ಬೆರೆತ ಡಾಂಬರನ್ನು ಬೀದಿಗೆ ಹಾಸಿ ರೋಲರ್ ಓಡಿಸಿದ್ದೇ ತಡ, "ಇದು ನನ್ ರಸ್ತೆ ಸಾ!" ಎಂದು ಎಂಜಿನಿಯರ್ ಸಿದ್ಧಾರ್ಥರ ಮುಂದೆ ಎದೆಯುಬ್ಬಿಸಿದ.

"ಹಾಗಾದ್ರೆ ಸಂಜೆವರೆಗೂ ನೀವೇ ಕಾಯಿರಿ. ಒಂದು ಕೋಳೀನೂ ಕಾಲಿಡಬಾರದು," ಎಂದು ಅವರು ಜೀಪು ಹತ್ತಿದರು.

ಮೊದಲು ಬಂದದ್ದು ಕುರಿಮಂದೆ, ಹಿಂದೆ ಮುನಿತಾಯಮ್ಮ.

"ಏನ್ಲಾ ಚಿಕ್ಕ, ಕವರ್ನಲ್ಲಿ ರಸ್ತೆಯಂತೆ? ಬಿಸ್ಲಿಗೆ ಕರ್ಗಿ ನಿಮ್ಮನೆ ಬಾಗ್ಲಿಗೇ ಹರ್ಕೊಂಡ್ ಬತ್ತದೆ ನೋಡು!"

"ಕರ್ಗೋದೆಲ್ಲ ಆಗೋಯ್ತು ಕಣಜ್ಜಿ. ಚೂರ್ ಮಾಡಿ ಬಿಸಿ ಜಲ್ಲಿ ಮ್ಯಾಲೆ ಉದುರುಸ್ತಾರೆ. ಅದು ಜಲ್ಲಿಗೆ ಅಂಟ್ಕೊಂಡು ಡಾಂಬ್ರನ್ನ ಬಿಗಿಯಾಗಿ ಹಿಡ್ಕತದೆ. ಮಳೆನೀರು ಒಳೀಕೆ ಇಳಿಯಾಕಿಲ್ಲ."

ಪಾಠ ಮುಗಿಯುವಷ್ಟರಲ್ಲಿ ಒಂದು ಕುರಿ ರಸ್ತೆಗೆ ಅಡ್ಡ ಕಟ್ಟಿದ್ದ ಹಗ್ಗ ಜಿಗಿಯಿತು. ಅದನ್ನು ತಬ್ಬಿ ಎಳೆದರೆ ಇನ್ನೊಂದು ಆಚೆಯಿಂದ ನುಗ್ಗಿತು. ಕುರಿಗಳು ಹೋದವು ಎನ್ನುವಾಗ ರೇಷ್ಮೆ ನೂಲು ಬಿಚ್ಚುವ ಖಾಸಿಂ ಗೂಡಿನ ಮೂಟೆ ಹೇರಿಕೊಂಡು ಮೊಪೆಡ್ಡಿನಲ್ಲಿ ಬಂದ. ಅವನನ್ನು ತಡೆದ ತಪ್ಪಿಗೆ ಚಿಕ್ಕರಾಜುವೇ ಮೂಟೆ ಹೊತ್ತು ಚರಂಡಿ ಅಂಚಿನಲ್ಲಿ ನಡೆಯಬೇಕಾಯಿತು. ಕಾಲು ಜಾರಿತು. ಮೂಟೆ ನೆನೆಯಲಿಲ್ಲ, ಚಿಕ್ಕರಾಜು ಮಾತ್ರ ಸೊಂಟದವರೆಗೆ ನೆನೆದ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಲು ಪುರುಸೊತ್ತೆಲ್ಲಿ?

ಸಂಜೆಗೆ ರಸ್ತೆ ಮಿಂದೆದ್ದ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು. ಮುನಿತಾಯಮ್ಮ ಕೋಲಿನಿಂದ ಕುಟ್ಟಿ ನೋಡಿ, "ಗಟ್ಟಿಯಾಗೈತೆ, ಒಪ್ದೆ ಕಣ್ಲಾ," ಎಂದಳು. ಚಿಕ್ಕರಾಜು ಇನ್ನೇನು ಮೀಸೆ ತಿರುವಬೇಕು, ಖಾಲಿ ಬಿಂದಿಗೆ ಹಿಡಿದ ಪಕ್ಕದ ಗಲ್ಲಿಯ ಅನೀಸಾ ಎದುರಿಗೆ ನಿಂತಳು. ಹಿಂದೆ ಅರ್ಧ ಊರು.

"ಬೆಳಗ್ಗಿಂದ ಫೋನ್ ಮಾಡ್ತಾ ಇದೀವಿ ಅಣ್ಣ. ನಲ್ಲೀಲಿ ಒಂದು ಹನಿ ನೀರಿಲ್ಲ. ವಾಲ್ವ್ ತಿರುಗಿಸಲೇ ಇಲ್ವಾ?"

"ಅಯ್ಯೋ ಶಿವನೇ!" ಎಂದು ಚಿಕ್ಕರಾಜು ವಾಲ್ವಿನ ಕೀಲಿ ತಂದು ಓಡಿದ. ಬೀದಿಯ ನಡುವೆ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೊನೆಗೆ ಕಾಲಬುಡ ನೋಡಿದ. ಹೂರಣದ ಮೇಲೆ ಕಣಕ ಮುಚ್ಚಿದ ಹಾಗೆ, ವಾಲ್ವಿನ ಗುಂಡಿಯ ಮೇಲೆ ಹೊಸ ರಸ್ತೆ ನುಣ್ಣಗೆ ಮುಚ್ಚಿಕೊಂಡಿತ್ತು.

ಹಾರೆ ಬಂತು. ಬೀಸಿದ. ಹಾರೆ ಪುಟಿದು ಅವನ ಮೊಣಕಾಲಿಗೇ ಬಡಿಯಿತು. ರಸ್ತೆಗೆ ಸೊಳ್ಳೆ ಕಚ್ಚಿದಷ್ಟು ಗುರುತು.

"ಸಾ, ವಾಲ್ವು ರಸ್ತೆ ಅಡೀಲಿ ಸಿಕ್ಕೊಂಡದೆ, ಹಾರೆಗೂ ಜಗ್ತಾ ಇಲ್ಲ!" ಎಂದು ಫೋನಿನಲ್ಲಿ ಗೋಳಾಡಿದ.

"ಭೇಷ್!" ಎಂದರು ಸಿದ್ಧಾರ್ಥ. "ಉಳಿದ ಗಲ್ಲಿಗಳಿಗೂ ಇದೇ ಹಾಕಿಸ್ತೀನಿ. ನಾಳೆ ಮಿಷನ್ ತಂದು ವಾಲ್ವಿನ ಜಾಗ ಮಾತ್ರ ಕೊಯ್ಸಿ, ಮುಚ್ಚಳ ಇಡಿಸೋಣ."

ರಾತ್ರಿಗೆ ನೀರು? ಪಂಚಾಯ್ತಿಯ ಟ್ಯಾಂಕರ್ ಬಂತು. ಹಳೇ ಗುಂಡಿಗಳಲ್ಲಿ ಅರ್ಧ ನೀರು ಚೆಲ್ಲಿಕೊಂಡೇ ಬರುತ್ತಿದ್ದ ಟ್ಯಾಂಕರ್ ಇವತ್ತು ಹನಿ ತುಳುಕಿಸದೆ ತೇಲಿಬಂತು. ಊರು ಕೇಕೆ ಹಾಕಿತು. ಆದರೆ ಅದು ಗಲ್ಲಿಗಳೊಳಗೆ ನುಗ್ಗುವಂತಿರಲಿಲ್ಲ. ಎಲ್ಲರ ಕಣ್ಣೂ ಚಿಕ್ಕರಾಜುವಿನ ಮೇಲೆ.

ಒಂದು ಹೆಗಲಿಗೆ ಬಿಂದಿಗೆ ಏರಿತು. ಅನೀಸಾ ಇನ್ನೊಂದು ಹೆಗಲಿಗೂ ಇಟ್ಟು ಅಕ್ಕರೆಯಿಂದ ಹೇಳಿದಳು: "ಒಸಿ ಮೆಲ್ಲಗೆ ನಡಿ ಅಣ್ಣ, ನಮ್ಮ ಗಲ್ಲಿಗೆ ಇನ್ನೂ ನಿನ್ನ ರಸ್ತೆ ಬಂದಿಲ್ಲ."