ಸ್ಪೇನಿನ ದೆವ್ವ ಬನಹಟ್ಟಿಗೆ ಬಂದದ್ದು

ನಾನು ಯಾವ ಕೆಲಸಕ್ಕೆ ನೆಟ್ಟಗೆ ಕೂತರೂ ಅದು ಎಲ್ಲಿಂದಲೋ ಸೊಟ್ಟಗಾಗುತ್ತದೆ. ಶ್ಯಾವಿಗೆ ಒಣಗಹಾಕಿದ ದಿನವೇ ಮೋಡ ಬರುತ್ತದೆ, ತವರಿಗೆ ಹೊರಟ ದಿನವೇ ಬಸ್ಸು ಕೆಡುತ್ತದೆ. ಹಾಗಂತ ಹಿಡಿದದ್ದನ್ನು ಬಿಡುವ ಪೈಕಿ ನಾನಲ್ಲ. ಮಗಳ ಮದುವೆ ಮಾಡಿದ ಮೇಲೆ ಇಂಗ್ಲಿಷ್ ಎಂ.ಎ. ಓದಲು ಕೂತೆ. ನಡುವೆ ಸ್ಪೇನ್ ದೇಶದಿಂದ ಒಂದು ದೆವ್ವ ಬಂತು. ಆದರೂ ನಾನು ಏಳಲಿಲ್ಲ.

ಕೊಟ್ಟ ಮಾತು

ನನ್ನನ್ನು ನೋಡಲು ಬಂದ ದಿನ ಅತ್ತೆಯವರು ನಮ್ಮಪ್ಪನಿಗೆ ಒಂದು ಮಾತು ಕೊಟ್ಟಿದ್ದರು. ಹುಡುಗಿಗೆ ಇನ್ನೂ ಓದುವ ಆಸೆಯಿದ್ದರೆ ಮದುವೆಯಾದ ಮೇಲೆ ಓದಲಿ, ನಾವೇನು ಬೇಡ ಅನ್ನುವುದಿಲ್ಲ ಎಂದು. ಇಂಥ ಮಾತನ್ನು ಎಲ್ಲರೂ ಕೊಡುತ್ತಾರೆ, ಚಹಾದ ಬಸಿ ಕೆಳಗಿಡುವಷ್ಟರಲ್ಲಿ ಮರೆಯುತ್ತಾರೆ. ನಾನು ಮರೆತಿರಲಿಲ್ಲ. ಮಕ್ಕಳು ಹುಟ್ಟಿದರು, ಕಲಿತರು, ಮಗಳ ಮದುವೆಯೂ ಆಯಿತು. ಬಾಡಿಗೆಗೆ ತಂದ ಪಾತ್ರೆಗಳನ್ನೆಲ್ಲ ತಿರುಗಿಸಿ ಕೊಟ್ಟ ಮರುದಿನ ಅತ್ತೆಯವರ ಮುಂದೆ ಕೂತು, ಈಗ ಎಂ.ಎ.ಗೆ ಹೆಸರು ಹಚ್ಚುತ್ತೇನೆ ಎಂದೆ.

ನಮ್ಮ ಯಜಮಾನರು ಪವರ್‌ಲೂಮಿನವರು. ಮನೆಗೆ ಹೊಂದಿಯೇ ಮಗ್ಗದ ಶೆಡ್ಡು. ಅವರು ನಕ್ಕು, ಈ ವಯಸ್ಸಿಗೆ ಓದಿ ಯಾವ ಊರಿಗೆ ಸಾಹೇಬಳಾಗಿ ಹೋಗುವವಳು ಎಂದು ಕೇಳಿದರು. ಅತ್ತೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಗನ ಕಡೆ ನೋಡಲೂ ಇಲ್ಲ.

"ನಾ ಆಕಿ ಅಪ್ಪಗ ಮಾತು ಕೊಟ್ಟೇನಿ. ನಡುವ ನೀ ಯಾರು?"

ಯಜಮಾನರ ನಗು ಅಲ್ಲಿಗೇ ನಿಂತಿತು. ಭಾನುವಾರ ಭಾನುವಾರ ಇವಳು ಜಮಖಂಡಿಗೆ ಕ್ಲಾಸಿಗೆ ಹೋದರೆ ರೊಟ್ಟಿ ಯಾರು ಬಡಿಯಬೇಕು ಎಂದು ಕೇಳಿದರು. ಅತ್ತೆಯವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು.

"ರೊಟ್ಟಿ ಬಡಿತಾಳಂತ ಅವರಪ್ಪ ನನಗೇನೂ ಮಾತು ಕೊಟ್ಟಿಲ್ಲ."

ಚೀಟಿ

ಕಡೆಯ ವರ್ಷಕ್ಕೆ ಹೊಸದೊಂದು ಪೇಪರು ಸೇರಿಸಿದ್ದರು. ಪರದೇಶದ ಒಂದು ಸಿನಿಮಾ ಅಭ್ಯಾಸ ಮಾಡಬೇಕು, ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಅದರ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕು. ಅದರಲ್ಲಿ ಬಿದ್ದರೆ ಇಡೀ ವರ್ಷ ಬಿದ್ದಂತೆ. ಯಾರಿಗೆ ಯಾವ ಸಿನಿಮಾ ಎಂದು ಸರ್ ಚೀಟಿ ಎತ್ತಿಸಿದರು. ಬೀಳಗಿಯಿಂದ ಬರುವ, ಶಾಲೆಯಲ್ಲಿ ಕಲಿಸುವ ಒಬ್ಬ ಬಾಯಿಯವರಿಗೆ ಹಾಡು ಕುಣಿತದ ಸಿನಿಮಾ ಬಂತು. ನನಗೂ ಮುಧೋಳದ ನನ್ನ ಗೆಳತಿಗೂ ಸೇರಿಸಿ ಬಂದದ್ದು ಸ್ಪ್ಯಾನಿಶ್ ಸಿನಿಮಾ. ಸ್ಪೇನಿನಲ್ಲಿ ಅಂತರ್ಯುದ್ಧ ನಡೆದ ಕಾಲದ ಕತೆ, ಅದರೊಳಗೊಂದು ದೆವ್ವ.

ನನಗೆ ಸ್ಪ್ಯಾನಿಶ್ ಬರುವುದಿಲ್ಲ ಎಂದು ಎದ್ದು ನಿಂತು ಹೇಳಿದೆ. ಅದಕ್ಕೇನು, ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುತ್ತದಲ್ಲ ಎಂದರು ಸರ್. ಗೆಳತಿ ನನ್ನ ಕಿವಿಗೆ ಬಗ್ಗಿದಳು.

"ಆ ಇಂಗ್ಲಿಷ್ ಬರೂದಿಲ್ಲಂತನ ಎಂ.ಎ. ಮಾಡಾಕತ್ತೇವಲ್ಲ."

ಬೀಳಗಿಯ ಬಾಯಿಯವರಿಗೆ, ಚೀಟಿ ಅದಲುಬದಲು ಮಾಡಿಕೊಳ್ಳೋಣವೇ ಎಂದು ಮೆತ್ತಗೆ ಕೇಳಿದೆ. ಅವರು ಚೀಟಿಯನ್ನು ಪರ್ಸಿನೊಳಗೆ ಹಾಕಿ, ನನ್ನ ಮುಖ ನೋಡುತ್ತಲೇ ಜಿಪ್ಪು ಎಳೆದರು.

ಮಗ್ಗ ನಿಂತ ಹೊತ್ತು

ಸಿನಿಮಾದ ಕತೆ ಇಷ್ಟು. ಸ್ಪೇನಿನ ಒಂದು ಒಣ ಊರು. ಊರಿಗೆಲ್ಲ ಬ್ರೆಡ್ಡು ಸುಟ್ಟು ಕೊಡುವ ಬೇಕರಿಯ ಹೆಂಗಸೊಬ್ಬಳು. ಯುದ್ಧ ಶುರುವಾದ ಕೂಡಲೇ ಊರು ಎರಡು ಪಕ್ಷವಾಗುತ್ತದೆ. ಒಂದೇ ಮನೆಯ ಅಣ್ಣ ಈ ಕಡೆ, ತಮ್ಮ ಆ ಕಡೆ. ಆ ಗದ್ದಲದಲ್ಲಿ ಯಾರೋ ಅವಳಿಗೆ ಗುಂಡು ಹಾಕುತ್ತಾರೆ. ಯಾರೆಂದು ಸಿನಿಮಾ ಹೇಳುವುದೇ ಇಲ್ಲ. ಅಲ್ಲಿಂದ ಮುಂದೆ ಅವಳ ದೆವ್ವ ದಿನಾ ನಸುಕಿನಲ್ಲಿ ಒಂದೊಂದು ಮನೆಯ ಬಾಗಿಲು ಬಡಿಯುತ್ತದೆ. ಒಳಗಿನವರು ಯಾರದು ಎಂದು ಕೂಗುತ್ತಾರೆ. ಉತ್ತರ ಬರುವುದಿಲ್ಲ, ಯಾರೂ ಬಾಗಿಲು ತೆಗೆಯುವುದೂ ಇಲ್ಲ. ಬೆಳಗಾದ ಮೇಲೆ ನೋಡಿದರೆ ಹೊಸ್ತಿಲ ಮೇಲೆ ಹಿಟ್ಟಿನ ಹೆಜ್ಜೆ.

ಇದನ್ನು ಮೊದಲ ಸಲ ನೋಡಿದ್ದು ನನ್ನ ಮೊಬೈಲಿನಲ್ಲಿ, ಮಧ್ಯಾಹ್ನದ ಊಟ ಮುಗಿಸಿ. ಪಕ್ಕದಲ್ಲಿ ಅತ್ತೆಯವರು ಚಷ್ಮಾ ಹಾಕಿಕೊಂಡು ಕೂತರು. ಇವರೊಳಗೆ ನಮ್ಮವರು ಯಾರು ಎನ್ನುವುದು ಅವರ ಮೊದಲ ಪ್ರಶ್ನೆ. ಹಾಗೆ ಹೇಳಲು ಬರುವುದಿಲ್ಲ, ಎರಡೂ ಕಡೆಯವರು ಒಂದೇ ಊರಿನವರು, ಅದಕ್ಕೇ ಇದನ್ನು ಅಂತರ್ಯುದ್ಧ ಅನ್ನುವುದು ಎಂದು ವಿವರಿಸಿದೆ. ಹಾಗಾದರೆ ಊರ ಹಿರಿಯರನ್ನು ಕೂಡಿಸಿ ನ್ಯಾಯ ಮಾಡಬೇಕಿತ್ತು ಎಂದು ಅವರು ಯುದ್ಧವನ್ನು ಅಲ್ಲಿಗೇ ಮುಗಿಸಿದರು.

ತೊಂದರೆಯೆಂದರೆ ಶೆಡ್ಡಿನಲ್ಲಿ ಮಗ್ಗಗಳ ಸದ್ದು. ಆ ಸದ್ದಿನಲ್ಲಿ ದೆವ್ವ ಬಾಗಿಲು ಬಡಿದರೆ ಯಾರಿಗೆ ಕೇಳಬೇಕು? ಪರದೆಯ ಮೇಲೆ ಜನ ಬೆಚ್ಚಿಬೀಳುತ್ತಿದ್ದರು, ನಾವು ಯಾಕೆಂದು ತಿಳಿಯದೆ ನೋಡುತ್ತಿದ್ದೆವು. ಮೊಬೈಲಿನ ಧ್ವನಿಯನ್ನು ಆಗುವಷ್ಟು ಏರಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಮಗ್ಗ, ಪಕ್ಕದ ಮನೆಯ ಮಗ್ಗ, ಇಡೀ ಓಣಿಯ ಮಗ್ಗ ಒಮ್ಮೆಲೇ ನಿಂತವು. ಆ ಗಪ್ಪನೆಯ ಮೌನದಲ್ಲಿ ದೆವ್ವ ಬಾಗಿಲು ಬಡಿಯಿತು.

ಅತ್ತೆಯವರು ನನ್ನ ತೋಳು ಹಿಡಿದುಕೊಂಡರು. ಶೆಡ್ಡಿನಿಂದ ಯಜಮಾನರು, ಬಂದೆ ಬಂದೆ ಎಂದು ಕೂಗುತ್ತ ಹೋಗಿ ಮುಂಬಾಗಿಲು ತೆಗೆದರು. ಸ್ವಲ್ಪ ಹೊತ್ತು ನಿಂತು, ಆಚೆ ಈಚೆ ನೋಡಿ, ಒಳಗೆ ಬಂದು, ಯಾರೋ ಜೋರಾಗಿ ಬಾಗಿಲು ಬಡಿದರು, ನೋಡಿದರೆ ಯಾರೂ ಇಲ್ಲ ಎಂದರು. ಅತ್ತೆಯವರು ಚಷ್ಮಾದ ಮೇಲಿಂದ ಮಗನನ್ನು ನೋಡಿದರು.

"ಹೊಸ್ತಿಲಮ್ಯಾಲ ಹಿಟ್ಟು ಬಿದ್ದೈತೇನು ನೋಡು."

ಬಸ್ಸಿನಲ್ಲಿ ಖೂನಿ

ಒಂದು ಭಾನುವಾರ ಕ್ಲಾಸು ಮುಗಿಸಿ ಜಮಖಂಡಿಯಿಂದ ಬನಹಟ್ಟಿ ಬಸ್ಸು ಹತ್ತಿದ್ದೆ. ಅವತ್ತು ಕ್ಲಾಸು ತಪ್ಪಿಸಿದ್ದ ಮುಧೋಳದ ಗೆಳತಿ ಫೋನು ಮಾಡಿದಳು. ಗುಂಡು ಹಾಕಿದವರು ಯಾರು ಎನ್ನುವುದೇ ತನಗೆ ತಿಳಿಯುತ್ತಿಲ್ಲ, ಅಣ್ಣ ಇರಬೇಕು ಎಂದಳು. ನಾನು ಸಿನಿಮಾವನ್ನು ಅಷ್ಟು ಸಲ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಮಗ್ಗದ ಮನೆಯವರಿಗೆ ಮೆಲ್ಲಗೆ ಮಾತಾಡುವ ರೂಢಿಯಿಲ್ಲ. ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ:

"ಅಣ್ಣ ಅಲ್ಲಬೇ, ಗುಂಡು ಹಾಕಿದಾಂವ ತಮ್ಮ. ಹೆಣಾ ಹಿಟ್ಟಿನ ಚೀಲದ ಹಿಂದ ಮುಚ್ಚಿಟ್ಟಿದ್ರಲ್ಲ, ಆವಾಗ ನನಗ ಖಾತ್ರಿ ಆತು. ನಾಳೆ ಯಾರರ ಕೇಳಿದ್ರ ಇಬ್ರೂ ಒಂದ ಮಾತು ಹೇಳೂಣು."

ಫೋನು ಇಟ್ಟೆ. ಪಕ್ಕದಲ್ಲಿ ಕೂತ ಹೆಂಗಸು ಕಾಲಬುಡದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಚಿಲ್ಲರೆ ಆಮೇಲೆ ಕೊಡುತ್ತೇನೆ ಅಂದಿದ್ದ ಕಂಡಕ್ಟರ್ ತಾನೇ ಬಂದು ಕೊಟ್ಟು, ದೂರದ ಸೀಟಿಗೆ ಹೋಗಿ ಕೂತ. ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರಿದ್ದರು. ಅವರು ಮಾತ್ರ ನನ್ನ ಕಡೆ ತಿರುಗಿ, ಅಂತಃಕರಣದಿಂದ ಮಾತಾಡಿಸಿದರು. ಹೆದರಬೇಡ ತಂಗಿ, ಮುಧೋಳದಲ್ಲಿ ನಮ್ಮ ಅಳಿಯ ವಕೀಲನಿದ್ದಾನೆ, ನಿನ್ನ ತಮ್ಮನಿಗೆ ಜಾಮೀನು ಮಾಡಿಸುತ್ತಾನೆ ಎಂದರು.

ನಾನು ಗಾಬರಿಯಾಗಿ, ಅವನು ನನ್ನ ತಮ್ಮನಲ್ಲ, ಇದು ಸ್ಪೇನಿನಲ್ಲಿ ಆದ ಖೂನಿ, ಅದೂ ಸಿನಿಮಾದಲ್ಲಿ ಎಂದು ಬಿಡಿಸಿ ಹೇಳಿದೆ. ಹಿರಿಯರು ಬಹಳ ಹೊತ್ತು ವಿಚಾರ ಮಾಡಿದರು.

"ಸ್ಪೇನು ಅಂದ್ರ ದೂರ ಆತು ಬಿಡವಾ. ನಮ್ಮ ಅಳಿಯ ಜಮಖಂಡಿ ಕೋರ್ಟಿಗೇ ಬರಾಕ ಒಲ್ಲೆ ಅಂತಾನ."

ಸಿಲಿಂಡರ್

ಸ್ಪ್ಯಾನಿಶ್ ಭಾಷೆಯಲ್ಲಿ ಯಾರದು ಅನ್ನಲು 'ಕಿಯೆನ್ ಎಸ್' ಅನ್ನುತ್ತಾರೆ. ಸಿನಿಮಾದಲ್ಲಿ ಬಾಗಿಲು ಬಡಿದಾಗಲೆಲ್ಲ ಅದೇ ಮಾತು. ನನ್ನ ಜೊತೆ ಕೂತು ಕೂತು ಅತ್ತೆಯವರಿಗೂ ಅದು ಬಾಯಿಗೆ ಬಂತು. ಸೊಸೆ ಎಂ.ಎ. ಆಗುವುದರೊಳಗೆ ತಾನೂ ಒಂದಿಷ್ಟು ಕಲಿತೆ ಎಂದು ಬಹಳ ಖುಷಿ. ಹಾಲಿನವನು ಬಂದರೂ ಕಿಯೆನ್ ಎಸ್, ಬಾಜೂ ಮನೆಯವರು ಬಂದರೂ ಕಿಯೆನ್ ಎಸ್. ಆದರೆ ಬಾಯಲ್ಲಿ ಎಲೆ ಅಡಿಕೆ ಇರುವುದರಿಂದ ಅದು 'ಕ್ಯಾನ್ಸ' ಎಂದು ಕೇಳುತ್ತಿತ್ತು.

ಅವತ್ತು ನಾನು ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದೆ. ಗ್ಯಾಸ್ ತಂದವನು ಬಾಗಿಲು ಬಡಿದ. ಅತ್ತೆಯವರು ಒಳಗಿನಿಂದ ಕೂಗಿದರು. ಅವನಿಗೆ ಅರ್ಥವಾಗದೆ ಏನ್ರಿ ಎಂದು ಕೇಳಿದ. ಇವರು ಇನ್ನೂ ಜೋರಾಗಿ ಅದನ್ನೇ ಕೂಗಿದರು. ಅವನು ಸಿಲಿಂಡರ್ ಹೊತ್ತುಕೊಂಡು ಹೋಗಿಬಿಟ್ಟ. ಸ್ವಲ್ಪ ಹೊತ್ತಿಗೆ ನನ್ನ ಮೊಬೈಲಿಗೆ, ನಿಮ್ಮ ಸಿಲಿಂಡರ್ ಕ್ಯಾನ್ಸಲ್ ಆಗಿದೆ ಎಂದು ಮೆಸೇಜು ಬಂತು. ಏಜೆನ್ಸಿಗೆ ಫೋನು ಹಚ್ಚಿ ಜಗಳ ತೆಗೆದೆ. ನಿಮ್ಮ ಮನೆಯ ಹಿರಿಯರೇ ಎರಡೆರಡು ಸಲ ಕ್ಯಾನ್ಸಲ್ ಅಂದಿದ್ದಾರೆ, ನಮ್ಮ ತಪ್ಪೇನು ಎಂದು ಅವರೂ ಜೋರು ಮಾಡಿದರು.

ಮತ್ತೆ ಸಿಲಿಂಡರ್ ಬರುವವರೆಗೂ ಹಿತ್ತಲಿನ ಕಟ್ಟಿಗೆಯ ಒಲೆಯ ಮೇಲೆ ಅಡುಗೆ. ಅತ್ತೆಯವರು ತಾವೇ ಊದುಗೊಳವಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ಹೇಳಿದರು:

"ನಮ್ಮ 'ಯಾರಂವಾ' ಛಲೋ ಐತಿ. ಸಾಮಾನರ ಮನಿ ಒಳಗ ಬರತಾವು."

ಗೋಡೆಯಾಚೆ

ಮೊಬೈಲಿನಲ್ಲಿ ಅಕ್ಷರ ಸಣ್ಣವು. ಅರ್ಧ ಓದುವಷ್ಟರಲ್ಲಿ ಮಾಯವಾಗುತ್ತಿದ್ದವು. ದೊಡ್ಡ ಟಿ.ವಿ. ಇದ್ದದ್ದು ನಮ್ಮ ಮೈದುನನ ಮನೆಯಲ್ಲಿ. ಅವನ ಮನೆ ಎಂದರೆ ನಮ್ಮ ಮನೆಯ ಇನ್ನರ್ಧ. ಅಣ್ಣ ತಮ್ಮ ಮಗ್ಗ ಹಂಚಿಕೊಳ್ಳುವಾಗ ಮಾತಿಗೆ ಮಾತು ಬೆಳೆದು ಪಡಸಾಲೆಯ ನಡುವೆ ಗೋಡೆ ಎದ್ದಿತ್ತು. ನಾನೂ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿಯೂ ಹಿತ್ತಲಲ್ಲಿ ಮಾತಾಡುತ್ತಿದ್ದೆವು. ಗಂಡಸರಿಬ್ಬರು ಮಾತ್ರ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದರು. ಅತ್ತೆಯವರು ಇದನ್ನು ಹೇಳಿಕೊಂಡು ಅತ್ತವರಲ್ಲ, ಆದರೆ ಹಬ್ಬದ ದಿನ ಎರಡೂ ಮನೆಯಲ್ಲಿ ಸರಿಯಾಗಿ ಉಣ್ಣುತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ನಾನು ನೇರ ಆ ಕಡೆ ಹೋಗಿ, ನನಗೆ ನಿಮ್ಮ ಟಿ.ವಿ. ಬೇಕು ಎಂದೆ. ಮೈದುನ, ಬರ್ರಿ ವೈನಿ, ಅದಕ್ಕೇನು ಎಂದ. ನನ್ನ ಹಿಂದೆ ಅತ್ತೆಯವರು ಬಂದರು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಯಜಮಾನರೂ ಬಂದು ಬಾಗಿಲ ಹತ್ತಿರ ನಿಂತರು. ಅವ್ವನಿಗೆ ಮಾತ್ರೆ ಕೊಡಲು ಬಂದೆ ಎಂದರು. ಮಾತ್ರೆ ಕೊಟ್ಟ ಮೇಲೂ ಹೋಗಲಿಲ್ಲ. ನೆಗೆಣ್ಣಿ ಸದ್ದಿಲ್ಲದೆ ಒಂದು ಕುರ್ಚಿ ಸರಿಸಿದಳು. ಕೂತರು.

ಸಿನಿಮಾದಲ್ಲಿ ಅಣ್ಣ ತಮ್ಮ ಬಂದೂಕು ಹಿಡಿದು ಎದುರುಬದುರು ನಿಲ್ಲುವ ಜಾಗ ಬಂತು. ಯಜಮಾನರು ಅತ್ತೆಯವರ ಕಡೆ ನೋಡಿ, ತಮ್ಮನದೇ ತಪ್ಪು, ಹಿರಿಯನ ಮಾತು ಕೇಳಬೇಕಿತ್ತು ಎಂದರು. ಮೈದುನನೂ ಅತ್ತೆಯವರ ಕಡೆಯೇ ನೋಡಿ, ಅಣ್ಣನಾದವನು ಒಮ್ಮೆಯಾದರೂ ಕರೆದು ಕೇಳಿದ್ದನೇ ಎಂದ. ಕರೆಯಲು ಹೋದರೆ ಅವನು ಮನೆಯಲ್ಲಿ ಇದ್ದನೇ ಎಂದರು ಇವರು. ಇಬ್ಬರ ಧ್ವನಿಯೂ ಏರಿತು. ಈಗ ಇಬ್ಬರೂ ಅವ್ವನನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡೇ ಜಗಳವಾಡುತ್ತಿದ್ದರು. ಗೋಡೆ ಕಟ್ಟಿದ ಮೇಲೆ ಅವರು ನೇರ ಮಾತಾಡಿದ್ದು ಅದೇ ಮೊದಲು. ನಾನು ಸಿನಿಮಾ ನಿಲ್ಲಿಸಲಿಲ್ಲ. ಅತ್ತೆಯವರು ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದರು:

"ಸ್ಪೇನಿನ ಪಾಲು ಆಮ್ಯಾಲ ಮಾಡ್ಕೊರ್ರಿ. ಮದಲ ದೆವ್ವ ಬರಲಿ."

ಪರೀಕ್ಷೆ

ಕಡೆಗೂ ಆ ದಿನ ಬಂತು. ಜಮಖಂಡಿಯ ಸೆಂಟರಿನಲ್ಲಿ ನಾವೆಲ್ಲ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಾಲಾಗಿ ಕೂತಿದ್ದೆವು. ಪರೀಕ್ಷಕರು ಹಿಂದಿನ ದಿನವೇ ಬಂದು ಲಾಡ್ಜಿನಲ್ಲಿ ಇಳಿದಿದ್ದರು. ದಪ್ಪ ಮೀಸೆ, ಗಂಭೀರ ಮುಖ. ಮೊದಲು ಹೋದ ಬೀಳಗಿಯ ಬಾಯಿಯವರು ಕಣ್ಣೊರೆಸಿಕೊಂಡು ಹೊರಗೆ ಬಂದರು. ಮುಧೋಳದ ಗೆಳತಿ ಹೊರಗೆ ಬಂದವಳೇ ನೀರಿನ ಬಾಟಲಿ ಹುಡುಕಿದಳು. ನಾನು ಬರೆದು ತಂದ ಹಾಳೆಗಳನ್ನು ಅವಳ ಕೈಗೆ ಕೊಟ್ಟು ಖಾಲಿ ಕೈಯಲ್ಲಿ ಒಳಗೆ ಹೋದೆ. ಓದಿ ಒಪ್ಪಿಸಲು ನಾನು ಇಷ್ಟು ವರ್ಷ ಕಾದಿರಲಿಲ್ಲ.

ಇಂಗ್ಲಿಷ್ ಅಲ್ಲಲ್ಲಿ ಎಡವಿತು. ಎದ್ದು ಮತ್ತೆ ನಡೆದೆ. ಊರು ಹೇಗೆ ಎರಡಾಯಿತು, ದೆವ್ವಕ್ಕಿಂತ ಬಾಗಿಲ ಒಳಗಿರುವ ಜನರೇ ಹೇಗೆ ಹೆಚ್ಚು ಹೆದರಿಸುತ್ತಾರೆ ಎಂದೆಲ್ಲ ಹೇಳಿದೆ. ಪರೀಕ್ಷಕರು ಯುದ್ಧದ ಬಗ್ಗೆ ಕೇಳಿದರು, ಬೇಕರಿಯ ಬಗ್ಗೆ ಕೇಳಿದರು, ಮೊದಲ ಸಲ ಬಾಗಿಲು ಬಡಿಯುವುದರ ಬಗ್ಗೆ ಕೇಳಿದರು. ನಿಮಗೆ ಎಲ್ಲಕ್ಕಿಂತ ಹಿಡಿಸಿದ ಜಾಗ ಯಾವುದು ಎಂದು ಕೇಳಿದಾಗ, ಕಡೆಗೆ ಒಬ್ಬ ಕುರುಡಿ ಮುದುಕಿ ದೆವ್ವಕ್ಕೆ ಬಾಗಿಲು ತೆಗೆಯುತ್ತಾಳಲ್ಲ, ಅದು ಎಂದೆ.

ಪರೀಕ್ಷಕರ ಪೆನ್ನು ನಿಂತಿತು. ಪಕ್ಕದಲ್ಲಿದ್ದ ನಮ್ಮ ಸರ್‌ಗೆ ಚಹಾ ಎಲ್ಲಿಗೆ ಬಂತು ನೋಡಿಬನ್ನಿ ಎಂದು ಹೇಳಿ ಕಳಿಸಿದರು. ಬಾಗಿಲು ಮುಚ್ಚಿತೇ ಎಂದು ನೋಡಿಕೊಂಡರು. ಆಮೇಲೆ ಇಂಗ್ಲಿಷ್ ಬಿಟ್ಟು ನಮ್ಮ ಮಾತಿಗೇ ಇಳಿದರು. ಉಳಿದವರ ಸಿನಿಮಾಗಳನ್ನೆಲ್ಲ ಪೂರ್ತಿ ನೋಡಿಯೇ ಬಂದಿದ್ದಾರಂತೆ. ಇದೊಂದು ಉಳಿದಿತ್ತೆಂದು ನಿನ್ನೆ ಸಂಜೆ ಲಾಡ್ಜಿನಲ್ಲಿ ಹಚ್ಚಿ ಕೂತರಂತೆ. ಸಿನಿಮಾದಲ್ಲಿ ದೆವ್ವ ಬಾಗಿಲು ಬಡಿಯುವುದಕ್ಕೂ ಚಹಾ ತಂದವನು ಇವರ ಕೋಣೆಯ ಬಾಗಿಲು ಬಡಿಯುವುದಕ್ಕೂ ಸರಿಹೋಯಿತಂತೆ. ಸಿನಿಮಾ ಅಲ್ಲಿಗೇ ಬಂದ್, ಚಹಾನೂ ಕುಡಿಯಲಿಲ್ಲವಂತೆ.

"ಬಾಗಲಾ ತಗದ್ರೇನ್ರಿ?" ದನಿ ತಗ್ಗಿಸಿ ಕೇಳಿದರು. "ತಗದಮ್ಯಾಲ ಏನಾತ್ರಿ? ನನಗ ಇವತ್ತೂ ಅದ ಕೋಣ್ಯಾಗ ಮಲಗೂದೈತಿ."

ನಾನು ಅವರ ಮುಖ ನೋಡಿದೆ, ಮುಂದಿದ್ದ ಖಾಲಿ ಮಾರ್ಕ್ಸ್ ಶೀಟು ನೋಡಿದೆ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

"ನೀವು ಮದಲ ಮಾರ್ಕ್ಸ್ ಹಾಕ್ರಿ ಸರ್. ಆಮ್ಯಾಲ ನಾ ಬಾಗಲಾ ತಗೀತೇನಿ."