ಮಾವನ ಖಾಲಿ ಕುರ್ಚಿ ಸಿದ್ಧಾಂತ

ನನ್ನ ಸೋದರಮಾವನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ, ಕುರ್ಚಿಗಳಿರುವ ಕಡೆಗೆ ಮಾತ್ರ ಬೇಡ! ಕುರ್ಚಿ ಕಂಡರೆ ಅವರಿಗೆ ಉಪ್ಪಿನ ಹರಳು ನೆನಪಾಗುತ್ತದೆ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ಏನು ಮಾಡುವುದು?

"ಕಾದ ಹರಳಲ್ಲಿ ಅಯಾನುಗಳು ಸಾಲಾಗಿ ಕೂತಿರ್ತವೆ ಕಣೋ. ಒಂದು ಜಾಗ ಖಾಲಿಯಾದ್ರೆ ಹಿಂದಿಂದು ಅಲ್ಲಿಗೆ ಹಾರತ್ತೆ, ಅದರ ಜಾಗಕ್ಕೆ ಅದರ ಹಿಂದಿಂದು. ಯಾವುದೂ ದೂರ ಹೋಗಲ್ಲ. ಆದ್ರೂ ವಿದ್ಯುತ್ತು ಆ ತುದಿ ಮುಟ್ಟಿರತ್ತೆ!"

ಇದನ್ನು ಎಂ.ಎಸ್ಸಿ.ಯಲ್ಲಿ ಮೊದಲ ಬೆಂಚಿನಲ್ಲಿ ಕೂತು ಕೇಳಿದ್ದೆ ಎಂದು ನನ್ನ ನೆನಪು. ಕೊನೆಯ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದೆ ಎಂದು ಗೆಳೆಯನ ನೆನಪು. ಎಲ್ಲವನ್ನೂ ಅನುಮಾನಿಸು ಎಂದು ವಿಶ್ವವಿದ್ಯಾಲಯ ಕಲಿಸಿತು. ಈಗ ನನ್ನನ್ನು ನಾನೇ ನಂಬುವುದಿಲ್ಲ.

ಒಮ್ಮೆ ಬಸವನಗುಡಿಯ ದೋಸೆ ಹೋಟೆಲಿನಲ್ಲಿ, ಅಲ್ಲಿನ ಪದ್ಧತಿಯಂತೆ, ತಿನ್ನುತ್ತಿದ್ದವರ ಬೆನ್ನ ಹಿಂದೆ ನಿಂತು ಜಾಗಕ್ಕೆ ಕಾಯುತ್ತಿದ್ದೆವು. ಮಾವ ಪಾಠ ಶುರುಮಾಡಿದರು. ಮುಂದೆ ಕೂತು ತಿನ್ನುತ್ತಿದ್ದವರು ತಿರುಗಿದರು.

"ಏನ್ ಸಾರ್, ಎದ್ದೇಳು ಅಂತಿದೀರಾ?"

"ಛೆ ಛೆ! ನಿಧಾನವಾಗಿ ತಿನ್ನಿ. ನೀವು ಸೋಡಿಯಂ, ಅಷ್ಟೇ."

ಪಾಪ, ಬಿಪಿಯವರೋ ಏನೋ, ಅರ್ಧ ದೋಸೆ ಬಿಟ್ಟು ಎದ್ದುಬಿಟ್ಟರು!

ಈ ವರ್ಷ ಚಾಮರಾಜಪೇಟೆಯ ರಾಮನವಮಿ ಕಚೇರಿ. ಮಾವನಿಗೆ ಈಚೆಗೆ ಕಿವಿ ಮಂದ. ಮೊದಲ ಸಾಲಿನಲ್ಲಿ ಕೂತರಷ್ಟೇ ಪಿಟೀಲು ಕೇಳುತ್ತದೆ. ಮಧ್ಯಾಹ್ನವೇ ಹೋಗಿ ಜಾಗ ಹಿಡಿದಿದ್ದರು. ಅತ್ತೆಯನ್ನು ಕರೆತರುವ ಕೆಲಸ ನನ್ನದು. ತಡವಾಯಿತು. ಆಟೋ ಸಿಗಲಿಲ್ಲ ಎಂದು ನನ್ನ ನೆನಪು, ನಾನು ಕನ್ನಡಕ ಹುಡುಕುತ್ತಿದ್ದೆ ಎಂದು ಅತ್ತೆಯದು.

ಚಪ್ಪರ ತುಂಬಿತ್ತು. ನಡುವಿನ ದಾರಿಯಲ್ಲೂ ಜನ ಕೂತಿದ್ದರು. ಮಂಡಿನೋವಿನ ಅತ್ತೆ ಹಿಂದಿನ ಕಂಬ ಹಿಡಿದು ನಿಂತರು. ಯಾರನ್ನಾದರೂ ಜಾಗ ಕೇಳಬಹುದಿತ್ತು. ನಾನು ಹೇಗೆ ಕೇಳುವುದೆಂದು ಚಿಂತನೆ ನಡೆಸಿದೆ!

"ಮನೆಗೆ ಹೋಗೋಣ್ವಾ ಅತ್ತೆ?"

"ಸುಮ್ನಿರಪ್ಪ, ಇನ್ನೂ ಶುರುವೇ ಆಗಿಲ್ಲ," ಎಂದರು, ಕಾಲು ಬದಲಿಸುತ್ತ.

ಅಷ್ಟರಲ್ಲಿ ಮಾವ ಹಿಂತಿರುಗಿ ನೋಡಿದರು. ಎದ್ದರು. ದೂರಕ್ಕೆ, ಚಪ್ಪರದ ಬದಿಯ ಗೋಡೆಯ ಹತ್ತಿರ ಹೋಗಿ ನಿಂತುಬಿಟ್ಟರು. ಮೊದಲ ಸಾಲಿನ ಕುರ್ಚಿಯನ್ನು ಯಾರು ಬಿಡುತ್ತಾರೆ? ಎರಡನೇ ಸಾಲಿನವರು ಅಲ್ಲಿಗೆ ಹಾರಿದರು, ಮೂರನೇ ಸಾಲಿನವರು ಎರಡಕ್ಕೆ. ಖಾಲಿ ಜಾಗ ಸಾಲು ಸಾಲು ದಾಟಿ, ಅತ್ತೆ ನಿಂತಲ್ಲಿಗೇ ಬಂತು. ನಾನು ತಟ್ಟನೆ ಕುರ್ಚಿ ಹಿಡಿದೆ.

ಅತ್ತೆ ಕೂತರು. "ಅವರಿಗೆ ಅಲ್ಲಿ ಕೇಳ್ಸತ್ತೇನೋ?"

"ಕೇಳ್ಸತ್ತೆ ಅತ್ತೆ," ಎಂದೆ.

ಪಿಟೀಲು ಶುರುವಾಯಿತು. ಮಾವ ವೇದಿಕೆಯನ್ನು ನೋಡುತ್ತಿರಲಿಲ್ಲ. ಅತ್ತೆ ತೊಡೆಯ ಮೇಲೆ ಹಾಕುತ್ತಿದ್ದ ತಾಳವನ್ನು ಅಷ್ಟು ದೂರದಿಂದ ನೋಡಿ ನೋಡಿ, ತಾವೂ ತಾಳ ಹಾಕುತ್ತಿದ್ದರು.