ಗಾಜಿನೊಳಗಿನ ಕಾಗದದ ಪುಟ್ಟಿ

ನಾಚಿಕೆ ಸ್ವಭಾವದವರು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ಇದು ನಮ್ಮಂಥವರಿಗೆ ಬಹಳ ಅನುಕೂಲವಾದ ನಂಬಿಕೆ. ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಾ ನಿಂತರೆ ಸಾಕು, ಕೇಳಬಂದವರು ಕೇಳುವುದನ್ನೇ ಬಿಟ್ಟು ‘ಪಾಪ’ ಎಂದು ಹೊರಟುಹೋಗುತ್ತಾರೆ. ಹೀಗೆ ಸೆರಗು ತಿರುಚಿಕೊಂಡೇ ನಾನು ಒಂದು ಸುಳ್ಳನ್ನು ಮದುವೆಯಾದ ಮೂರನೇ ವರ್ಷದಿಂದ ಹೋದ ತಿಂಗಳವರೆಗೆ ಕಾಪಾಡಿಕೊಂಡು ಬಂದಿದ್ದೆ. ಮೊಮ್ಮಕ್ಕಳೇ, ಅದನ್ನು ಬಯಲಿಗೆಳೆದದ್ದು ಪೊಲೀಸರೂ ಅಲ್ಲ, ದೇವರೂ ಅಲ್ಲ, ಶಿರಾದ ಒಂದು ಪುಟ್ಟ ಮ್ಯೂಸಿಯಂ. ನಿಮಗೆ ಒಬ್ಬೊಬ್ಬರು ಒಂದೊಂದು ಥರ ಹೇಳುವ ಮೊದಲು ನಾನೇ ಬರೆದಿಡುತ್ತೇನೆ. ಊರ ಶಾಲೆಯಲ್ಲಿ ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ತಪ್ಪು ಕಂಡರೆ ಕಾಗುಣಿತವನ್ನು ತಿದ್ದಿ, ಅಜ್ಜಿಯನ್ನು ತಿದ್ದಲು ಹೋಗಬೇಡಿ, ತಡವಾಗಿದೆ.

ಮೊದಲು ಪುಟ್ಟಿಯ ವಿಷಯ. ನಮ್ಮ ಗೌಡಗೆರೆ ಕಡೆ ಆಗ ಪ್ಲಾಸ್ಟಿಕ್ ಡಬ್ಬಿಗಳಿರಲಿಲ್ಲ. ಮನೆಯಲ್ಲಿ ರದ್ದಿ ಕಾಗದ ಸೇರಿದರೆ ಮೂರು ದಿನ ನೀರಲ್ಲಿ ನೆನೆಹಾಕಿ, ನೆನೆಸಿದ ಮೆಂತ್ಯ ಸೇರಿಸಿ, ಒರಳಲ್ಲಿ ಹಾಕಿ ಬೆಣ್ಣೆಯಂತೆ ಕುಟ್ಟುತ್ತಿದ್ದೆವು. ಅದನ್ನು ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಬಿಡಿಸಿಕೊಂಡರೆ ಪುಟ್ಟಿ. ಒಳಗಡೆ ನಾಲ್ಕು ಇಡೀ ಹಾಳೆ ಅಂಟಿಸಿಬಿಟ್ಟರೆ ನುಣ್ಣಗಾಗುತ್ತದೆ. ಕಡಲೆಬೀಜ, ಮುರುಕು ಏನು ತುಂಬಿಟ್ಟರೂ ಮೆಂತ್ಯದ ಕಹಿಗೆ ಹುಳ ಬರುವುದಿಲ್ಲ. ನನ್ನ ಪುಟ್ಟಿಗಳಿಗೆ ಊರಲ್ಲಿ ಹೆಸರಿತ್ತು. ಅಡುಗೆಗೆ ಇರಲಿಲ್ಲ, ಅದೂ ಈ ಕಥೆಯಲ್ಲಿ ಬರುತ್ತದೆ.

ನಿಮ್ಮ ತಾತ ಆ ವರ್ಷ ಒಂದು ನಾಟಕ ಬರೆದರು. ಒಬ್ಬ ರಾಜ, ಇಬ್ಬರು ರಾಣಿಯರು, ಒಬ್ಬ ದುಷ್ಟ ಸೇನಾಪತಿ. ಬರೆದವರು ತಾವೇ ಆದ್ದರಿಂದ ರಾಜನ ಪಾರ್ಟು ಅವರದೇ. ಅವರ ತಮ್ಮ, ಅಂದರೆ ನಿಮ್ಮ ಚಿಕ್ಕತಾತ ರಂಗಪ್ಪನವರಿಗೆ ಸೇನಾಪತಿಯ ಪಾರ್ಟು. ‘ನಾನ್ಯಾಕೆ ಸಾಯ್ಲಿ, ನನಗೂ ರಾಜನ್ದೇ ಬೇಕು’ ಎಂದು ಅವರು ಜಗಳ ತೆಗೆದಿದ್ದರು. ನಾಟಕದ ಹಾಳೆಗಳನ್ನು ಇಲಿಗೆ ಹೆದರಿ ತಾತ ಅಟ್ಟದ ಮೇಲೆ ಒಂದು ಚೀಲದಲ್ಲಿಟ್ಟು, ಹಾರ್ಮೋನಿಯಂ ಮೇಷ್ಟ್ರನ್ನು ಕರೆತರಲು ಮಧುಗಿರಿಗೆ ಹೋದರು. ಅದೇ ಚೀಲದಲ್ಲಿ ಹಳೇ ಪೇಪರುಗಳೂ ಇದ್ದವು. ಅದೇ ವಾರ ನಾನು ಪುಟ್ಟಿ ಮಾಡಿದೆ.

ತಾತ ಬಂದರು, ಹಾರ್ಮೋನಿಯಂ ಬಂತು, ಮೇಷ್ಟ್ರೂ ಬಂದು ಹಿತ್ತಲ ಹುಣಸೆಮರದ ನೆರಳಲ್ಲಿ ಕೂತು ಕಾಫಿ ಕುಡಿದರು. ನಾಟಕ ಮಾತ್ರ ಇಲ್ಲ. ತಾತ ಅಟ್ಟ ಇಳಿದು ಬಂದು, ಬಿಸಿಲಲ್ಲಿ ಒಣಗುತ್ತಿದ್ದ ಪುಟ್ಟಿಯ ಮೇಲೆಯೇ ತಮ್ಮ ಒದ್ದೆ ಟವೆಲ್ಲು ಹರವಿ, “ನನ್ನ ಹಾಳೆಗಳನ್ನ ನೋಡಿದ್ಯೇನೆ?” ಎಂದು ಕೇಳಿದರು. ನಾನು ಸೆರಗು ತಿರುಚಿದೆ. “ಇವಳಿಗೇನು ಗೊತ್ತು ಪಾಪ” ಎಂದರು. “ಇದು ರಂಗನ ಕೆಲಸ” ಎಂದರು. ಮುಗಿಯಿತು.

ಚಿಕ್ಕತಾತ ದೀಪ ಮುಟ್ಟಿ ಆಣೆ ಮಾಡಿದರು. ಯಾರೂ ನಂಬಲಿಲ್ಲ. ಮುಂದೆ ಅವರು ಮದುವೆಯಾಗಿ ಪಾವಗಡದ ವಳ್ಳೂರಿಗೆ ಹೋಗಿ ನೆಲೆಸಿದರೂ ನಮ್ಮ ನೆಂಟರಿಗೆ ಅವರು ‘ಪುಸ್ತಕದ ರಂಗಪ್ಪ’ನೇ. ಮದುವೆ ಮನೆಗೆ ಬಂದರೆ, “ಲಗ್ನಪತ್ರಿಕೆ ಒಳಗಿಡ್ರಪ್ಪ, ರಂಗಪ್ಪ ಬಂದ” ಎಂದು ನಗುತ್ತಿದ್ದರು. ಅವರೂ ನಗುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಏನಾದರೂ ತೊಳೆಯುತ್ತಿದ್ದೆ, ತೊಳೆದದ್ದನ್ನೇ. ನಿಮ್ಮ ತಾತ ಕೊನೆಯವರೆಗೂ ಯುಗಾದಿಗೆ ಬಂದ ತಮ್ಮನಿಗೆ ಹೋಳಿಗೆ ಹಾಕಿಸಿ, “ಈಗಲಾದ್ರೂ ಕೊಟ್ಬುಡ್ಲಾ” ಎನ್ನುತ್ತಿದ್ದರು. ನಾನು ಮಾಡಿದ್ದು ಇಷ್ಟೇ, ಪ್ರತಿ ದೀಪಾವಳಿಗೆ ಆ ಪುಟ್ಟಿಯ ಒಳಗೆ ಹೊಸ ಪೇಪರಿನ ಒಂದು ಪದರ ಅಂಟಿಸುವುದು. ಎಷ್ಟು ಅಚ್ಚುಕಟ್ಟು ಎಂದು ಅತ್ತೆ ಹೊಗಳುತ್ತಿದ್ದರು.

ಹೋದ ವರ್ಷ ಮ್ಯೂಸಿಯಮ್ಮಿನ ಹುಡುಗಿಯೊಬ್ಬಳು ಮನೆಗೆ ಬಂದಳು. ಹಳ್ಳಿಯ ಕೈಕೆಲಸಗಳ ಪ್ರದರ್ಶನ ಮಾಡುತ್ತಿದ್ದಾರಂತೆ. ಅಟ್ಟದ ಮೇಲಿನ ಪುಟ್ಟಿ ನೋಡಿ ಅವಳ ಮುಖ ಅರಳಿತು. ಇನ್ನು ಪದರಗಳ ಕೆಳಗೆ ಯಾರು ಹೋಗಿ ನೋಡುತ್ತಾರೆ ಎಂದು ನಾನೂ ಉಬ್ಬಿ ಕೊಟ್ಟುಬಿಟ್ಟೆ. ಆ ಮಗು ಕಲಿತವಳು, ಶ್ರದ್ಧೆಯವಳು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಿಂಗಳಾನುಗಟ್ಟಲೆ ಕೂತು, ಹತ್ತಿಯಲ್ಲಿ ನೀರು ಅದ್ದಿ, ನನ್ನ ಒಂದೊಂದು ದೀಪಾವಳಿಯನ್ನೂ ಮೆಲ್ಲಗೆ ಸುಲಿದುಬಿಟ್ಟಿದ್ದಳು.

ಉದ್ಘಾಟನೆಯ ದಿನ ನಿಮ್ಮಲ್ಲಿ ದೊಡ್ಡವಳು ಪಲ್ಲವಿ ನನ್ನ ಕೈ ಹಿಡಿದು ಕರೆದೊಯ್ದಳು. ಕಂಬಳಿ ಮಗ್ಗ, ತೊಗಲುಗೊಂಬೆ, ಕೊರಟಗೆರೆ ಕಡೆಯಿಂದ ಬಂದ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ ಎಲ್ಲ ಇತ್ತು. ರಾಗಿ ಬೀಸುವ ಕಲ್ಲಿಗೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದರು. ಇಂಥದ್ದೊಂದು ಚೀಟಿ ನನ್ನ ಹದಿನೆಂಟನೇ ವಯಸ್ಸಿನಲ್ಲಿ ನಮ್ಮನೆ ಕಲ್ಲಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಕೊನೆಗೆ ಗಾಜಿನ ಪೆಟ್ಟಿಗೆ. ಒಳಗೆ ನನ್ನ ಪುಟ್ಟಿ, ಮೇಲೆ ದೀಪ, ತಳ ಕಾಣುವಂತೆ ವಾಲಿಸಿಟ್ಟಿದ್ದಾರೆ. “ಮೂಲ ಪದರ ಸಿಕ್ಕಿತು ಅಜ್ಜಿ, ಕೈಬರಹ ಇದೆ” ಎಂದು ಮ್ಯೂಸಿಯಮ್ಮಿನ ಹುಡುಗಿ ಹೆಮ್ಮೆಯಿಂದ ಹೇಳಿದಳು. ತಾತನ ನೇರಳೆ ಶಾಯಿ. ಪಲ್ಲವಿ ಗಾಜಿಗೆ ಮೂಗು ಒತ್ತಿ ಓದತೊಡಗಿದಳು: “ಕಿರಿಯ ರಾಣಿ: ಉಪ್ಪು ಬೀಳುವುದು ಇಷ್ಟೇ. ಬೇಕಿದ್ದರೆ ಉಣ್ಣಿ, ಬೇಡದಿದ್ದರೆ ಎದ್ದೇಳಿ, ಮಹಾಪ್ರಭು.” ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಿ, ಈ ರಾಣಿ ಥೇಟ್ ನಿನ್ ಥರ ಮಾತಾಡ್ತಾಳೆ” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಇಸ್ತ್ರಿ ಜುಬ್ಬಾ ತೊಟ್ಟು ಚಿಕ್ಕತಾತ. ವಳ್ಳೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಆ ಕಡೆಯ ತೆಲುಗು ಬೆರೆತು, ಅತ್ತಿಗೆಯಾದ ನಾನು ಅವರ ಬಾಯಲ್ಲಿ ‘ವದಿನಾ’ ಆಗಿದ್ದೇನೆ. “ಏಂ ವದಿನಾ, ನಮ್ಮೂರಲ್ಲಿ ಹೊಲಕ್ಕೆಲ್ಲ ಗಾಜು ಹಾಕವ್ರೆ, ಬಿಸಿಲಿಂದ ಕರೆಂಟು ಮಾಡ್ತಾರಂತೆ. ಇಲ್ಲಿ ಪುಟ್ಟಿಗೂ ಗಾಜಾ?” ಎನ್ನುತ್ತಾ ಪೆಟ್ಟಿಗೆಯ ಕಡೆಗೇ ಬಂದರು. ನಾನು ಅಡ್ಡ ನಿಂತೆ. ಅವರು ಎಡಕ್ಕೆ ಹೋದರೆ ನಾನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನೋಡಿದವರು ಕೋಲಾಟವೂ ಪ್ರದರ್ಶನದಲ್ಲಿದೆ ಎಂದುಕೊಂಡಿರಬೇಕು. ಆಗ ನನ್ನ ಹೆಸರು ಕೂಗಿದರು. ಶಾಲು ಹೊದಿಸಿದರು, ಕೈಗೆ ಮೈಕು ಕೊಟ್ಟರು, “ಎರಡು ಮಾತು” ಎಂದರು.

ಮೈಕು ಹಿಡಿದ ಕೈಯಲ್ಲಿ ಸೆರಗು ತಿರುಚಲು ಆಗುವುದಿಲ್ಲ. ಎದುರಿಗೆ ಮುಂದಿನ ಸಾಲಿನಲ್ಲೇ ನಮ್ಮ ನೆಂಟರು. ಅವರಲ್ಲೊಬ್ಬರು ಆಗಲೇ, “ರಂಗಪ್ಪ ಬಂದವ್ನೆ, ಆ ಚೀಟಿಗಳನ್ನ ಎಣಿಸಿಟ್ಕೊಳ್ರಮ್ಮ” ಎಂದು ನಗುತ್ತಿದ್ದರು. ಚಿಕ್ಕತಾತನೂ ಎಂದಿನಂತೆ ನಕ್ಕರು. ಆ ನಗು ನೋಡಿದೆ ನೋಡಿ, ನನ್ನ ಬಾಯಿ ತಾನೇ ತೆರೆದುಕೊಂಡಿತು. “ನಾಟಕ ಕದ್ದದ್ದು ನಮ್ಮ ರಂಗಪ್ಪ ಅಲ್ಲ. ನಾನು ಗೊತ್ತಿಲ್ಲದೆ ಕುಟ್ಟಿ ಪುಟ್ಟಿ ಮಾಡಿಬಿಟ್ಟೆ. ಅಗೋ, ಅಲ್ಲಿದೆ” ಎಂದೆ. ಎರಡು ಮಾತು ಕೇಳಿದ್ದರು, ಮೂರಾಯಿತು. ನೆಂಟರ ಸಾಲು ಒಟ್ಟಿಗೇ ಕತ್ತು ತಿರುಗಿಸಿ ಗಾಜಿನ ಪೆಟ್ಟಿಗೆಯ ಕಡೆ ನೋಡಿತು. ಮ್ಯೂಸಿಯಮ್ಮಿನ ಹುಡುಗಿ ಮಾತ್ರ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು.

ಇಳಿದು ಬಂದು ಚಿಕ್ಕತಾತನ ಮುಂದೆ ನಿಂತೆ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಅವರೇ ಮೆಲ್ಲಗೆ ಅಂದರು, “ನಂಗೆ ಗೊತ್ತಿತ್ತು ಬುಡು ವದಿನಾ. ಆ ವರ್ಷವೇ ಗೊತ್ತಾಯ್ತು. ನೀನು ಅದೇ ಪುಟ್ಟಿಲಿ ಮುರುಕು ತಂದಿಟ್ಟೆ. ಮುರುಕು ಖಾಲಿ ಆಯ್ತಿದ್ದಂಗೇ ತಳದಾಗೆ ರಾಣಿ ಕಂಡ್ಲು.”

“ಮತ್ಯಾಕೆ ಹೇಳಲಿಲ್ಲ? ಇಷ್ಟು ವರ್ಷ ಕಳ್ಳ ಅನ್ನಿಸ್ಕೊಂಡ್ರಲ್ಲ.”

“ಹೆಂಗೆ ಹೇಳ್ಲಿ. ಮುರುಕು ಇಟ್ಟು ನೀನು ಸೆರಗು ತಿರುಚ್ತಾ ನಿಂತಿದ್ದೆ.” ಕಪಿಲೆಯ ಬಾನಿಯ ಕಡೆ ಮುಖ ತಿರುಗಿಸಿದರು. “ಅಲ್ದೆ, ಸಿಕ್ತು ಅಂದಿದ್ರೆ ಅಣ್ಣ ಕೂತು ಅದನ್ನ ಮತ್ತೆ ಬರೀತಿದ್ದ. ನಾನು ಮತ್ತೆ ಸಾಯ್ಬೇಕಿತ್ತು.”

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ಮೈಕಿನಲ್ಲಿ ‘ಗೊತ್ತಿಲ್ಲದೆ’ ಎಂದೆನಲ್ಲ, ಅದು ನಿಮಗೆ ತಿಳಿದಿರಲಿ. ಏಳನೇ ಕ್ಲಾಸು ಓದಿದವಳಿಗೆ ನೇರಳೆ ಶಾಯಿ ಓದಲು ಬರುವುದಿಲ್ಲವೇ? ನೆನೆಹಾಕುವ ಮೊದಲು ಒರಳ ಪಕ್ಕ ಕೂತು ನಾಲ್ಕು ಪುಟ ಓದಿದ್ದೆ. ಹಿರಿಯ ರಾಣಿ ವೀಣೆ ನುಡಿಸುತ್ತಾಳೆ, ಪದ್ಯದಲ್ಲಿ ಮಾತಾಡುತ್ತಾಳೆ. ಕಿರಿಯ ರಾಣಿ ನಾನು ಮನೆಯಲ್ಲಿ ಆಡಿದ ಮಾತನ್ನೆಲ್ಲ, ಉಪ್ಪಿನ ಸಮೇತ, ಒಂದಕ್ಷರ ಬಿಡದೆ ಆಡುತ್ತಾಳೆ. ಅದನ್ನು ಊರೆಲ್ಲ ಕೂತು ಕೇಳುವುದಿತ್ತು. ಓದಿದ ನಾಲ್ಕನ್ನು ಪುಟ್ಟಿಯೊಳಗೆ ಅಂಟಿಸಲು ತೆಗೆದಿಟ್ಟು, ಉಳಿದದ್ದನ್ನೆಲ್ಲ ನೆನೆಹಾಕಿದೆ. ಕುಟ್ಟಿದ ದಿನ ಒನಕೆ ಬಹಳ ಹಗುರವಾಗಿತ್ತು.

ಮೊನ್ನೆ ಚಿಕ್ಕತಾತ ಮನೆಗೆ ಬಂದಿದ್ದರು. ಈಗ ಅವರನ್ನು ಯಾರೂ ಪುಸ್ತಕದ ರಂಗಪ್ಪ ಅನ್ನುವುದಿಲ್ಲವಂತೆ. ಮದುವೆ ಮನೆಗಳಲ್ಲಿ ಮಾತಾಡಿಸುವವರೇ ಕಡಿಮೆಯಾಗಿದ್ದಾರೆ ಎಂದು ಸ್ವಲ್ಪ ಬೇಸರದಲ್ಲಿದ್ದರು. ನಾನು ಕಾಫಿ ಮಾಡಿ ತರುವಷ್ಟರಲ್ಲಿ ಮೇಜಿನ ಮೇಲಿದ್ದ ಈ ಹಾಳೆಗಳನ್ನು ಕನ್ನಡಕ ಹಾಕಿಕೊಂಡು ಓದಿ ಮುಗಿಸಿದ್ದರು, ತಾವು ಆಡಿದ ಮಾತುಗಳ ಸಮೇತ. ಕಾಫಿ ಕುಡಿದು, ಹಾಳೆಗಳನ್ನು ಜೋಡಿಸಿಟ್ಟು, ಹಿತ್ತಲ ಒರಳನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು:

“ವದಿನಾ, ಮನೇಲಿ ಮೆಂತ್ಯ ಐತಾ?”